ಅಡ್ಡಹೆಸರಿನ ಅರ್ಥ ಹೇಳುವ ಸೇವೆ: ‘ಸುಂಕದ’ ಅಂತ ಕೊಟ್ಟೆ, ಶಂಖ ಬಂತು

ನನ್ನ ಅಡ್ಡಹೆಸರು ಸುಂಕದ. ಶಾಲೆಯಲ್ಲಿ ಹಾಜರಿ ಕೂಗುವಾಗ ಈ ಹೆಸರು ಬಂದರೆ ಸಾಕು, ಹಿಂದಿನ ಬೆಂಚಿನಿಂದ ಯಾರಾದರೂ ಗಾದೆ ಶುರು ಮಾಡುತ್ತಿದ್ದರು: ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ. ಅಪ್ಪನಿಗೂ ಇದೇ ಪಾಡು. ಒಮ್ಮೆ ಕಚೇರಿಯಲ್ಲಿ ರಜೆ ಕೇಳಲು ಬಂದವರೊಬ್ಬರು ಅವರ ಮೇಜಿನ ಮುಂದೆಯೇ ಈ ಮಾತು ಆಡಿ ಹೋದರಂತೆ. ಆ ಸಂಜೆ ಮನೆಗೆ ಬಂದು ಅಪ್ಪ ಅಂದರು: “ನಮ್ಮ ಹಿರಿಯರು ಯಾರ ಹೊಟ್ಟೆ ಮೇಲೆ ಹೊಡೆದಿದ್ದರೋ ಏನೋ.” ನನಗಾಗ ಹನ್ನೆರಡು ವರ್ಷ. ಆ ಮಾತು ನನ್ನನ್ನು ಬಿಡಲೇ ಇಲ್ಲ.

ಅದಕ್ಕೇ ಈ ಸೇವೆಗೆ ದುಡ್ಡು ಕಟ್ಟಿದೆ. ನಿಮ್ಮ ಅಡ್ಡಹೆಸರು ಕೊಟ್ಟರೆ ಅದರ ಅರ್ಥ, ಮೂಲ, ಹರಡಿದ ದಾರಿ ಎಲ್ಲ ಹುಡುಕಿ ವರದಿ ಮಾಡಿ ಕಳಿಸುತ್ತಾರೆ. ಸೇವೆಯ ಹೆಸರನ್ನು ಇಲ್ಲಿ ಹಾಕುವುದಿಲ್ಲ. ಇಂಥವು ಈಗ ಎಷ್ಟೋ ಇವೆ. ಹೆಚ್ಚು ಕಡಿಮೆ ಒಂದೇ ಅಚ್ಚಿನವು. ಯಾವುದನ್ನು ತೆಗೆದುಕೊಂಡರೂ ಏನು ನೋಡಬೇಕು, ಎಲ್ಲಿ ಎಡವುತ್ತಾರೆ ಅನ್ನುವುದು ನಿಮಗೆ ಗೊತ್ತಾದರೆ ಸಾಕು.

ಮೊದಲ ತೊಡಕು ಅರ್ಜಿಯಲ್ಲೇ ಇತ್ತು. ಹೆಸರು ತುಂಬುವ ಜಾಗ ಕನ್ನಡ ಅಕ್ಷರ ತೆಗೆದುಕೊಳ್ಳಲಿಲ್ಲ. ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು. ಸರಿ ಅಂತ ಎಸ್, ಯು, ಎನ್, ಕೆ, ಎ, ಡಿ ಎಂದು ಒತ್ತಿದೆ. ನಾಲ್ಕು ದಿನಕ್ಕೆ ವರದಿ ಬಂತು. ಇಪ್ಪತ್ತನಾಲ್ಕು ಪುಟ. ಮೊದಲ ಪುಟದಲ್ಲಿ ದೊಡ್ಡದೊಂದು ಲಾಂಛನ. ನಡುವೆ ಬಿಳಿ ಶಂಖ, ಎರಡು ಕಡೆ ಸಿಂಹ, ಕೆಳಗೆ ನನ್ನ ಹೆಸರು. ಅರ್ಥ: ‘ಶಂಖವನ್ನು ಹೊಂದಿದವರು’. ಸ್ವಭಾವ: ಧೈರ್ಯ, ನಾಯಕತ್ವ. ಅದೃಷ್ಟದ ಸಂಖ್ಯೆಯೂ ಇತ್ತು.

ಆ ಪುಟ ನೋಡಿ ನಿಜವಾಗಿ ಬೇಜಾರಾಯಿತು. ಇಷ್ಟು ವರ್ಷ ನಮ್ಮನ್ನು ಚುಚ್ಚಿದ ಹೆಸರು ಇದು. ಅದನ್ನು ತೆಗೆದು ಬೇರೆ ಯಾರದೋ ಹೆಸರನ್ನು ಕೈಗೆ ಕೊಟ್ಟ ಹಾಗೆ ಆಯಿತು.

ತಪ್ಪು ಹೇಗೆ ಆಯಿತು ಅಂತ ಕೂತು ಬಿಡಿಸಿ ನೋಡಿದೆ. ಇಂಗ್ಲಿಷಿನ ‘ಯು’ ಅಕ್ಷರ ನಮ್ಮ ಉಕಾರವೂ ಆಗಬಹುದು, ಅಕಾರವೂ ಆಗಬಹುದು. ‘ಎಸ್’ ಸಕಾರವೋ ಶಕಾರವೋ ಗೊತ್ತಾಗುವುದಿಲ್ಲ. ‘ಕೆ’ ಅಲ್ಪಪ್ರಾಣವೋ ಮಹಾಪ್ರಾಣವೋ ಬರೆಯುವವರ ಮೇಲೆ ಬಿಟ್ಟದ್ದು. ‘ಡಿ’ ಅಂತೂ ದಕಾರವೂ ಹೌದು, ಡಕಾರವೂ ಹೌದು. ಸುಂಕದ ಅನ್ನುವ ಮೂರಕ್ಷರದಲ್ಲಿ ಇಷ್ಟು ಕಡೆ ದಾರಿ ಕವಲೊಡೆಯುತ್ತದೆ. ಅವರ ಯಂತ್ರ ಸುಂಕದಿಂದ ಸಂಕಕ್ಕೆ, ಸಂಕದಿಂದ ಶಂಖಕ್ಕೆ ಹೋಗಿದೆ. ಇದು ನಮ್ಮೊಬ್ಬರ ಕಷ್ಟ ಅಲ್ಲ. ಕತ್ತಿ ಅನ್ನುವ ಅಡ್ಡಹೆಸರಿದೆ, ಕಟ್ಟಿ ಅನ್ನುವ ಅಡ್ಡಹೆಸರೂ ಇದೆ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಕಾಗುಣಿತ. ಕನ್ನಡ ಅಕ್ಷರವನ್ನೇ ಕೇಳದ ಸೇವೆ ಇವೆರಡನ್ನು ಬೇರೆ ಮಾಡುವುದು ಹೇಗೆ?

ಲಾಂಛನದ ವಿಷಯಕ್ಕೂ ಒಂದು ಮಾತು. ಅಡ್ಡಹೆಸರಿಗೆ ಲಾಂಛನ ಅನ್ನುವುದೇ ಇಲ್ಲ. ಇಂಗ್ಲೆಂಡಿನಲ್ಲಿ ಲಾಂಛನಗಳ ಲೆಕ್ಕ ಇಡುವ ಕಾಲೇಜ್ ಆಫ್ ಆರ್ಮ್ಸ್ ಇದನ್ನು ಸ್ಪಷ್ಟವಾಗಿಯೇ ಹೇಳುತ್ತದೆ. ಲಾಂಛನ ಕೊಡುವುದು ಒಬ್ಬ ವ್ಯಕ್ತಿಗೆ. ಆಮೇಲೆ ಅದು ಅವರ ವಂಶದವರಿಗೆ ಬರುತ್ತದೆ. ಅದೇ ಅಡ್ಡಹೆಸರು ಇದೆ ಅಂತ ಬೇರೆಯವರಿಗೆ ಅದರ ಮೇಲೆ ಹಕ್ಕಿಲ್ಲ. ಹಾಗಿರುವಾಗ ಕನ್ನಡದ ಹೆಸರಿಗೆ ಎರಡು ಸಿಂಹ ನಿಲ್ಲಿಸಿದ ಚಿತ್ರವನ್ನು ಚೌಕಟ್ಟು ಹಾಕಿಸಿಕೊಳ್ಳಿ ಅಂತ ಮಾರುವುದು ಸರಿಯಲ್ಲ.

ಅವರಿಗೆ ಬರೆದೆ. ಕನ್ನಡದಲ್ಲಿ ಹೆಸರು ಹೀಗಿದೆ, ಸುಂಕ ಅಂದರೆ ಇದು, ಶಂಖ ಅಲ್ಲ ಅಂತ. ಎರಡನೇ ದಿನವೇ ಉತ್ತರ ಬಂತು. ಬರೆದವರು ಅಚ್ಚುಕಟ್ಟಾಗಿ ಕ್ಷಮೆ ಕೇಳಿ, ವರದಿಯನ್ನು ಮತ್ತೆ ಮಾಡಿಕೊಡುತ್ತೇವೆ ಅಂದರು. ಈ ಒಂದು ವಿಷಯಕ್ಕೆ ಅವರನ್ನು ಮೆಚ್ಚಬೇಕು.

ಆ ಹೊತ್ತಿಗೆ ನಾನು ಕಾಯುವ ಸ್ಥಿತಿಯಲ್ಲಿ ಇರಲಿಲ್ಲ. ಗ್ರಂಥಾಲಯಕ್ಕೆ ಹೋಗಿ ಕಿಟೆಲ್ ನಿಘಂಟು ತೆಗೆಸಿದೆ. ಬಾಸೆಲ್ ಮಿಷನ್ನಿನ ಫರ್ಡಿನೆಂಡ್ ಕಿಟೆಲ್ ಮಾಡಿದ್ದು, 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದದ್ದು. ಸುಮಾರು 70,000 ಪದ. ಇದನ್ನು ಮೊದಲ ಸಲ ತೆರೆಯುವವರಿಗೆ ಒಂದು ಕಿವಿಮಾತು: ಸುಂಕ ಅಂತ ಸೊನ್ನೆಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಕಿಟೆಲ್ ಸೊನ್ನೆಯ ಜಾಗದಲ್ಲಿ ಆಯಾ ವರ್ಗದ ಅನುನಾಸಿಕ ಬರೆಯುತ್ತಾರೆ. ಅಂಗಡಿ ಅಲ್ಲಿ ಅಙ್ಗಡಿ. ಸುಂಕ ಸುಙ್ಕ. ನಾನು ಹತ್ತು ನಿಮಿಷ ತಪ್ಪು ಪುಟದಲ್ಲೇ ಬೆರಳಾಡಿಸುತ್ತಿದ್ದೆ. ಆಮೇಲೆ ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು “ಙ ನೋಡಿ ತಾಯಿ” ಅಂದರು.

ಸುಂಕ ಅನ್ನುವುದು ಸಂಸ್ಕೃತದ ಶುಲ್ಕ ಪದದ ತದ್ಭವ. ಪಾಲಿ ಭಾಷೆಯಲ್ಲೂ ಅದು ಸುಂಕವೇ. ತಮಿಳಿನಲ್ಲಿ ಸುಂಗಂ, ಮಲಯಾಳದಲ್ಲಿ ಚುಂಗಂ. ತೆಲುಗಿನಲ್ಲಿ ಸುಂಕ ವಸೂಲಿ ಮಾಡುವವನು ಸುಂಕರಿ. ಶಾಲೆಯ ಶುಲ್ಕ ಕಟ್ಟುವಾಗಲೂ ಆಮದು ಸುಂಕದ ಸುದ್ದಿ ಓದುವಾಗಲೂ ನಾವು ಬಳಸುವುದು ಒಂದೇ ಪದವನ್ನು. ಒಂದು ನೇರವಾಗಿ ಬಂದದ್ದು, ಇನ್ನೊಂದು ಜನರ ಬಾಯಲ್ಲಿ ಸವೆದು ಬಂದದ್ದು. ನಮ್ಮ ಹೆಸರು ಆ ಸವೆದ ಕಡೆಯದು. ಇದು ಗೊತ್ತಾದಾಗ ನನಗೆ ಆದ ಖುಷಿ ಲಾಂಛನದಿಂದ ಬರುವಂಥದ್ದಲ್ಲ.

ಅಲ್ಲಿಂದ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿಗೆ ಹೋದೆ. ಎಂಟು ಸಂಪುಟ. ಅದರ ದೊಡ್ಡ ಗುಣ ಏನೆಂದರೆ ಬರೀ ಅರ್ಥ ಹೇಳಿ ಸುಮ್ಮನಾಗುವುದಿಲ್ಲ. ಪದ ಯಾವ ಕಾವ್ಯದಲ್ಲಿ, ಯಾವ ಶಾಸನದಲ್ಲಿ ಹೇಗೆ ಬಂದಿದೆ ಅಂತ ಸಾಲು ಸಮೇತ ತೋರಿಸುತ್ತದೆ. ಅಡ್ಡಹೆಸರು ಹುಡುಕುವವರಿಗೆ ಬೇಕಾದದ್ದು ಇದೇ. ಅರ್ಥ ಒಂದು ಸಾಲಿನದು. ಆ ಪದವನ್ನು ಯಾರು, ಯಾವ ಕೆಲಸಕ್ಕೆ ಬಳಸುತ್ತಿದ್ದರು ಅನ್ನುವುದರಲ್ಲಿ ನಿಜವಾದ ಕಥೆ ಇರುತ್ತದೆ.

ಸುಂಕದ ಕಥೆ ಹಳೆಯ ಶಾಸನಗಳಲ್ಲಿ ಎಷ್ಟು ಬೇಕಾದರೂ ಸಿಗುತ್ತದೆ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಅಂತ ತೆರಿಗೆಗಳಿದ್ದವು. ಪೆರ್ಜುಂಕ ಅಂದರೆ ಹಿರಿಯ ಸುಂಕ. ಪೆರ್ ಮತ್ತು ಸುಂಕ ಸೇರಿದಾಗ ಸಕಾರ ಜಕಾರವಾಗಿದೆ. ಮುನ್ ಮತ್ತು ಸೆರಗು ಸೇರಿ ಮುಂಜೆರಗು ಆಗುತ್ತದಲ್ಲ, ಹಾಗೆಯೇ. ಈ ಲೆಕ್ಕ ನೋಡುವ ಅಧಿಕಾರಿ ಸುಂಕವೆರ್ಗಡೆ. ಅವನ ಹೆಸರಿನ ಕೊನೆಯಲ್ಲಿರುವ ಪೆರ್ಗಡೆಯೇ ಮುಂದೆ ಹೆಗ್ಗಡೆ ಆಗಿ, ಹೆಗ್ಗಡೆ ಹೆಗಡೆ, ಹೆಗ್ಡೆ ಆಗಿದೆ. ಹಳಗನ್ನಡದ ‘ಪಾಲ್’ ಈಗ ‘ಹಾಲು’ ಆದ ಹಾಗೆ. ಒಂದೇ ಹುದ್ದೆಯ ಹೆಸರಿನಲ್ಲಿ ಇವತ್ತಿನ ಎರಡು ಅಡ್ಡಹೆಸರು ಅಕ್ಕಪಕ್ಕ ಕೂತಿವೆ. ಇದನ್ನು ಓದಿದ ದಿನ ನನ್ನ ಗೆಳತಿ ಹೆಗಡೆಗೆ ಫೋನ್ ಮಾಡಿ ಅರ್ಧ ಗಂಟೆ ಮಾತಾಡಿದೆ.

ಇನ್ನೊಂದು ಸಾಲು ಓದಿದಾಗ ಗಾದೆಯ ನೋವೂ ಅರ್ಥವಾಯಿತು. 1070ರಲ್ಲಿ ಪಟ್ಟಕ್ಕೆ ಬಂದ ಚೋಳ ದೊರೆ ಮೊದಲನೆಯ ಕುಲೋತ್ತುಂಗನಿಗೆ ‘ಸುಂಗಂ ತವಿರ್ತ್ತ’ ಅಂತ ಬಿರುದು. ಸುಂಕ ತೆಗೆದುಹಾಕಿದವನು ಅಂತ. ಸುಂಕ ತೆಗೆದದ್ದೇ ಒಬ್ಬ ದೊರೆಗೆ ಬಿರುದಾಗುವಷ್ಟು ದೊಡ್ಡ ವಿಷಯ ಆಗಿತ್ತು. ಹೇರು ಹೊತ್ತ ಎತ್ತುಗಳನ್ನು ಹೊಡೆದುಕೊಂಡು ಬಂದವನು ಕಟ್ಟೆಯ ಹತ್ತಿರ ನಿಂತು, ದಾರಿಯಲ್ಲಿ ಮಳೆ ಬಂತು, ಮಾಲು ಹಾಳಾಯಿತು, ಮನೆಯಲ್ಲಿ ಕಾಯಿಲೆ ಅಂತ ಹೇಳಿಕೊಂಡಿರಬೇಕು. ಎದುರಿಗಿದ್ದವನು ಹೇರು ಎಣಿಸುತ್ತಾ ಇದ್ದಿರಬೇಕು. ಗಾದೆ ಸುಮ್ನೆ ಹುಟ್ಟಿದ್ದಲ್ಲ. ಅದನ್ನು ನಾನು ಒಪ್ಪುತ್ತೇನೆ.

ಆದರೆ ಸುಂಕದವರೆಲ್ಲ ಹಾಗೇ ಇದ್ದರೇ? ಇದಕ್ಕೆ ಉತ್ತರ ಸಿಕ್ಕಿದ್ದು 12ನೇ ಶತಮಾನದ ವಚನಕಾರರ ಪಟ್ಟಿಯಲ್ಲಿ. ಸುಂಕದ ಬಂಕಣ್ಣ. ಸುಂಕ ವಸೂಲಿ ಅವರ ಕಾಯಕ. ಅಂಕಿತ ಬಂಕೇಶ್ವರಲಿಂಗ. ಬಸವಣ್ಣನವರ ಕಾಲದ ಶರಣರ ನಡುವೆ ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ಹಡಪದ ಅಪ್ಪಣ್ಣನವರ ಸಾಲಿನಲ್ಲಿ ನಮ್ಮ ಹೆಸರೂ ಇದೆ. ನನಗೆ ಇದು ಮೊದಲೇ ಗೊತ್ತಿರಲಿಲ್ಲ ಅನ್ನುವುದಕ್ಕೆ ತುಂಬಾ ಬೇಸರ ಆಯಿತು. ಬಂಕಣ್ಣನವರು ನಮ್ಮ ವಂಶದವರು ಅಂತ ನಾನು ಹೇಳುತ್ತಿಲ್ಲ. ಹಾಗೆ ಹೇಳಲು ಯಾವ ಆಧಾರವೂ ಇಲ್ಲ. ಆದರೆ ಜನ ಸುಖದುಃಖ ಹೇಳಿಕೊಳ್ಳಲು ಬಾರದು ಅಂದ ಕಟ್ಟೆಯಲ್ಲಿ ಕೂತ ಒಬ್ಬರು ತಮ್ಮ ಒಳಗಿನ ಮಾತನ್ನು ವಚನ ಮಾಡಿ ಬರೆದರು, ಅಲ್ವಾ?

ಆ ಸಾಲನ್ನು ನೋಡುತ್ತಾ ಇದ್ದಾಗ ಇನ್ನೊಂದು ವಿಷಯ ಹೊಳೆಯಿತು. ಎಲ್ಲರಿಗೂ ಕಾಯಕ ಮೊದಲು, ಹೆಸರು ಆಮೇಲೆ. ಸುಂಕದ ಬಂಕಣ್ಣ. ಹಡಪದ ಅಪ್ಪಣ್ಣ. ಕೊನೆಯ ‘ದ’ ಷಷ್ಠೀ ವಿಭಕ್ತಿ. ಅದು ಮುಂದೆ ಒಂದು ಹೆಸರು ಬರಲಿ ಅಂತ ಕಾಯುವ ಪ್ರತ್ಯಯ. ಈಗ ಅರ್ಜಿಗಳಲ್ಲಿ ಅಡ್ಡಹೆಸರು ಕೊನೆಗೆ ಹೋಗಿದೆ. ಅದಕ್ಕೇ ನನ್ನ ಹೆಸರನ್ನು ಪೂರ್ತಿ ಓದಿದರೆ ಕೊನೆಯಲ್ಲಿ ‘ಸುಂಕದ’ ಅಂತ ನಿಲ್ಲುತ್ತದೆ. ಸುಂಕದ ಯಾರು, ಸುಂಕದ ಏನು ಅನ್ನುವುದು ಬಿಟ್ಟುಹೋಗಿದೆ. ಬೆಲ್ಲದ, ಹಡಪದ ಅನ್ನುವ ಅಡ್ಡಹೆಸರಿನವರೆಲ್ಲ ಒಮ್ಮೆ ನಿಮ್ಮ ಹೆಸರನ್ನು ಹಿಂದುಮುಂದು ಮಾಡಿ ಜೋರಾಗಿ ಹೇಳಿ ನೋಡಿ. ಕಿವಿಗೆ ಕೂಡಲೇ ಸರಿ ಅನಿಸುತ್ತದೆ.

ಈಗ ಸೇವೆಗೆ ವಾಪಸ್ ಬರುತ್ತೇನೆ. ತಿದ್ದಿದ ವರದಿ ಹತ್ತು ದಿನಕ್ಕೆ ಬಂತು. ಶಂಖ ಹೋಗಿತ್ತು. ಅರ್ಥದ ಜಾಗದಲ್ಲಿ ತೆರಿಗೆ, ಸುಂಕ ಅಂತ ಬಂದಿತ್ತು. ಆದರೆ ಅದರ ಕೆಳಗೇ ‘ನಿಮ್ಮ ಪೂರ್ವಜರು ರಾಜರ ಆಸ್ಥಾನದ ಅಧಿಕಾರಿಗಳು’ ಅಂತ ಖಡಾಖಂಡಿತವಾಗಿ ಬರೆದಿದ್ದರು. ಇದನ್ನು ಒಪ್ಪಲು ಆಗುವುದಿಲ್ಲ. ಹೆಸರು ಬರುವ ದಾರಿ ಒಂದೇ ಇರುವುದಿಲ್ಲ. ಸುಂಕ ವಸೂಲಿ ಮಾಡಿದವರು ಸುಂಕದವರು ಆಗಿರಬಹುದು. ಸುಂಕದ ಕಟ್ಟೆಯ ಪಕ್ಕ ಮನೆ ಇದ್ದವರೂ ಸುಂಕದವರು ಆಗಿರಬಹುದು. ಸುಂಕದಕಟ್ಟೆ ಅಂತ ಊರಿನ ಹೆಸರೇ ಇದೆ. ಅಲ್ಲಿಂದ ಬೇರೆ ಕಡೆಗೆ ಹೋದವರಿಗೂ ಈ ಹೆಸರು ಅಂಟಿರಬಹುದು. ಪದದ ಅರ್ಥ ಗೊತ್ತಾದ ಮಾತ್ರಕ್ಕೆ ಮನೆಯ ಚರಿತ್ರೆ ಗೊತ್ತಾಗುವುದಿಲ್ಲ. ಅದಕ್ಕೆ ಹಳೆಯ ಪಹಣಿ, ಖರೀದಿ ಪತ್ರ, ಶಾಲೆಯ ದಾಖಲಾತಿ ಪುಸ್ತಕ ಬೇಕು. ಅವರು ನನ್ನಿಂದ ಒಂದು ಕಾಗದವನ್ನೂ ಕೇಳಿರಲಿಲ್ಲ.

ವರದಿಯಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಎರಡು. ಒಂದು, ಬೇರೆ ಭಾಷೆಗಳಲ್ಲಿ ಇದೇ ಅರ್ಥದ ಅಡ್ಡಹೆಸರುಗಳ ಪುಟ. ಕಮ್ಮಾರರ ಉದಾಹರಣೆಯಿಂದ ಶುರು ಮಾಡಿದ್ದರು. ಇಂಗ್ಲಿಷಿನ ಸ್ಮಿತ್, ಜರ್ಮನಿಯ ಷ್ಮಿಟ್, ಹಂಗೇರಿಯ ಕೊವಾಚ್, ರಷ್ಯಾದ ಕುಜ್ನೆತ್ಸೊವ್, ಇಟಲಿಯ ಫೆರಾರಿ. ಎಲ್ಲದರ ಬೇರಿನಲ್ಲಿ ಕಬ್ಬಿಣ ಬಡಿಯುವ ಕೆಲಸವೇ. ಅದಕ್ಕೆ ನಮ್ಮ ಕಮ್ಮಾರರನ್ನೂ ಸೇರಿಸಿಕೊಳ್ಳಿ. ಅದರ ಕೆಳಗೆ ನನ್ನ ಹೆಸರಿನ ಬಂಧುಗಳು: ಇಂಗ್ಲಿಷಿನ ಟೋಲರ್, ಜರ್ಮನಿಯ ತ್ಸೋಲ್ನರ್. ಇಬ್ಬರೂ ಸುಂಕದವರೇ. ಭಾಷೆ ಬೇರೆ, ದಾರಿ ಬೇರೆ, ಕಟ್ಟೆಯಲ್ಲಿ ಕೂರುವ ಕೆಲಸ ಮಾತ್ರ ಅದೇ. ಈ ಪುಟವನ್ನು ನಾನು ಎರಡು ಮೂರು ಸಲ ಓದಿದೆ.

ಇನ್ನೊಂದು, ಅಡ್ಡಹೆಸರು ಕಡ್ಡಾಯವಾದ ಚರಿತ್ರೆ. ಫಿಲಿಪ್ಪೀನ್ಸ್‌ನಲ್ಲಿ 1849ರಲ್ಲಿ ಸ್ಪೇನಿನ ಗವರ್ನರ್ ಕ್ಲಾವೆರಿಯಾ ಹೆಸರುಗಳ ಪಟ್ಟಿಯನ್ನೇ ಊರೂರಿಗೆ ಕಳಿಸಿ, ಅದರಿಂದ ಆರಿಸಿಕೊಳ್ಳಿ ಅಂದರು. ಜಪಾನಿನಲ್ಲಿ 1875ರಲ್ಲಿ ಎಲ್ಲರಿಗೂ ಅಡ್ಡಹೆಸರು ಇರಲೇಬೇಕು ಅಂತ ಆಯಿತು. ಟರ್ಕಿಯಲ್ಲಿ 1934ರ ಕಾನೂನಿನಿಂದ ಬಂತು. ಮುಸ್ತಫಾ ಕೆಮಾಲರಿಗೆ ಅತಾತುರ್ಕ್ ಅನ್ನುವ ಹೆಸರು ಸಿಕ್ಕಿದ್ದು ಆಗಲೇ. ಇದನ್ನು ಓದಿದರೆ ಒಂದು ವಿಷಯ ಚೆನ್ನಾಗಿ ತಿಳಿಯುತ್ತದೆ. ಎಷ್ಟೋ ಮನೆಗಳ ಹೆಸರು ಅಜ್ಜ ಮುತ್ತಜ್ಜಂದಿರು ಇಟ್ಟುಕೊಂಡದ್ದಲ್ಲ. ಯಾರೋ ಗುಮಾಸ್ತರು ಪುಸ್ತಕದಲ್ಲಿ ಬರೆದದ್ದು. ಬರೆದ ದಿನ ಏನಿತ್ತೋ ಅದೇ ನಿಂತುಬಿಟ್ಟಿತು.

ನಮ್ಮ ಮನೆಯಲ್ಲೇ ಇದಕ್ಕೆ ಸಾಕ್ಷಿ ಇದೆ. ಅಣ್ಣನ ಅಂಕಪಟ್ಟಿಯಲ್ಲಿ ‘ಯು’ ಇದೆ. ನನ್ನದರಲ್ಲಿ ‘ಡಬಲ್ ಓ’. ಆತ್ಯಾನ ಕಾಗದಗಳಲ್ಲಿ ಕೊನೆಗೆ ಒಂದು ‘ಎ’ ಜಾಸ್ತಿ. ಒಂದೇ ಮನೆ, ಮೂರು ಕಾಗುಣಿತ. ಪಾಸ್‌ಪೋರ್ಟ್ ಮಾಡಿಸುವಾಗ ನಾನು ಅಣ್ಣನ ತಂಗಿ ಅಂತ ತೋರಿಸಲು ಎಷ್ಟು ಓಡಾಡಿದೆ ಅಂತ ನನಗೇ ಗೊತ್ತು. ಈ ಸೇವೆಯವರು ಒಂದೇ ಹೆಸರಿನ ಬೇರೆ ಬೇರೆ ಕಾಗುಣಿತಗಳನ್ನು ಒಟ್ಟಿಗೆ ಹುಡುಕುವ ವ್ಯವಸ್ಥೆ ಮಾಡಿದ್ದಾರೆ. ಅದು ಚೆನ್ನಾಗಿದೆ. ನಾನೇ ಯೋಚಿಸದ ಎರಡು ಕಾಗುಣಿತ ಅದರಲ್ಲಿ ಸಿಕ್ಕಿದವು.

ಕೊನೆಗೆ ಡಿಎನ್ಎ ಪರೀಕ್ಷೆಯನ್ನೂ ಮಾಡಿಸಿ ಅಂದರು. ಬೇಡ ಅಂದೆ. ಕೆಲಸದಿಂದ ಬಂದ ಹೆಸರು ಒಂದಕ್ಕೊಂದು ಸಂಬಂಧವೇ ಇಲ್ಲದ ಎಷ್ಟೋ ಮನೆಗಳಿಗೆ ಇರುತ್ತದೆ. ಹೆಸರು ಒಂದೇ ಅಂತ ರಕ್ತ ಒಂದೇ ಆಗುವುದಿಲ್ಲ.

ಹಾಗಾದರೆ ದುಡ್ಡು ಕೊಡಬಹುದಾ? ಐದಕ್ಕೆ ಎರಡು ಕೊಡುತ್ತೇನೆ. ಆ ಎರಡೂ ಕಾಗುಣಿತದ ಹುಡುಕಾಟಕ್ಕೆ ಮತ್ತು ತಪ್ಪು ತೋರಿಸಿದಾಗ ತಿದ್ದಿದ್ದಕ್ಕೆ. ಕನ್ನಡದ ಅಡ್ಡಹೆಸರಿನವರು ಮೊದಲು ನಿಘಂಟು ನೋಡಿ. ಹತ್ತಿರ ಗ್ರಂಥಾಲಯ ಇಲ್ಲದಿದ್ದರೆ ಅಂತರ್ಜಾಲದಲ್ಲಿ ಅಲರ್ ನಿಘಂಟು ಇದೆ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ್ದು. ಕನ್ನಡ ಅಕ್ಷರದಲ್ಲೇ ಹುಡುಕಬಹುದು, ಕಾಸು ಕೊಡಬೇಕಿಲ್ಲ. ಹೆಸರಿನ ಕೊನೆಯ ಪ್ರತ್ಯಯ ಬಿಡಿಸಿ, ಮೂಲ ಪದವನ್ನು ಮಾತ್ರ ಹಾಕಿ. ಸುಂಕದ ಅಂತ ಹಾಕಬೇಡಿ, ಸುಂಕ ಅಂತ ಹಾಕಿ. ಪಕಾರ ಹಕಾರ ಆಗಿರಬಹುದು ಅನ್ನುವುದು ನೆನಪಿರಲಿ. ಹ ಅಕ್ಷರದಲ್ಲಿ ಸಿಗದಿದ್ದರೆ ಪ ಅಕ್ಷರದಲ್ಲಿ ನೋಡಿ. ಆಮೇಲೆ ಮನೆಯ ಹಿರಿಯರನ್ನು ಕೇಳಿ, ಹಳೆಯ ಕಾಗದ ತೆಗೆಸಿ. ಅಷ್ಟಾದ ಮೇಲೂ ಬೇಕು ಅನಿಸಿದರೆ ಇಂಥ ಸೇವೆ ತೆಗೆದುಕೊಳ್ಳಿ. ಆಗ ಅವರು ಶಂಖ ಕೊಟ್ಟರೂ ನಿಮಗೆ ಗೊತ್ತಾಗುತ್ತದೆ.

ಅಪ್ಪನಿಗೆ ಈಗ ಎಪ್ಪತ್ತೆಂಟು. ಬಂಕಣ್ಣನವರ ವಿಷಯ ಹೇಳಿದೆ. ಏನೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕನ್ನಡಕ ಹಾಕಿಕೊಂಡು, “ದೊಡ್ಡ ಅಕ್ಷರದಲ್ಲಿ ಬರೆದುಕೊಡು” ಅಂದರು. ಹಾಳೆಯ ಮೇಲೆ ಸುಂಕದ ಬಂಕಣ್ಣ, ಕೆಳಗೆ ಅಂಕಿತ, ಅದರ ಕೆಳಗೆ 12ನೇ ಶತಮಾನ ಅಂತ ಬರೆದುಕೊಟ್ಟೆ. ಅದನ್ನು ಮಡಚಿ, ಪಿಂಚಣಿ ಪುಸ್ತಕದ ಒಳಗೆ ಇಟ್ಟುಕೊಂಡರು.

ಸೇವೆಯವರಿಗೆ ಮತ್ತೊಮ್ಮೆ ಬರೆದಿದ್ದೇನೆ. ಆಸ್ಥಾನದ ಅಧಿಕಾರಿಗಳು ಅನ್ನುವ ಸಾಲು ತೆಗೆಯಿರಿ, ಶುಲ್ಕದ ತದ್ಭವ ಅನ್ನುವುದನ್ನು ಸೇರಿಸಿ, ಹೆಸರು ತುಂಬುವ ಜಾಗದಲ್ಲಿ ಕನ್ನಡ ಅಕ್ಷರ ಬರುವ ಹಾಗೆ ಮಾಡಿ ಅಂತ. ಮೊದಲಿನ ಎರಡು ಮಾಡಿದ್ದಾರೆ. ಮೂರನೆಯದಕ್ಕೆ ಕಾಯುತ್ತಿದ್ದೇನೆ.